ಲಾಟ್ ಸಂಖ್ಯೆ ಮತ್ತು ಹೊಸ ದರದ ಬಗ್ಗೆ ನಮ್ಮ ಕಾಫಿ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಈ ಕೊಯ್ಲಿನ ಕಾಫಿಯಿಂದ ಆರಂಭಿಸಿ ನಮ್ಮ ಸಂಘದ ಪ್ರತಿ ಪೊಟ್ಟಣದ ಮೇಲೆ, ಕಾಫಿ ಎಲ್ಲಿಯ ತೋಟಗಳಿಂದ ಬಂದದ್ದೆಂದು ಗುರುತಿಸುವ ಒಂದು ಲಾಟ್ ಸಂಖ್ಯೆ ಇರುತ್ತದೆ ಮತ್ತು ಪುಡಿಯ ದರ ಕಿಲೋಗೆ 20 ರೂಪಾಯಿ ಹೆಚ್ಚಾಗುತ್ತದೆ. ಎರಡಕ್ಕೂ ಕಾರಣ ಐರೋಪ್ಯ ಒಕ್ಕೂಟದ ಒಂದು ಕಾನೂನು. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕಾಫಿ ಕುಡಿಯುವವರು ಅದರ ಖರ್ಚನ್ನು ಏಕೆ ಹೊರಬೇಕು ಎಂದು ನೀವು ಕೇಳುವುದು ಸಹಜವಾದ್ದರಿಂದ ಈ ಪತ್ರ.

2023ರಲ್ಲಿ ಜಾರಿಗೆ ಬಂದ ಆ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್ ಮೊದಲಾದವನ್ನು ಅಲ್ಲಿನ ಮಾರುಕಟ್ಟೆಗೆ ತರುವಂತಿಲ್ಲ. ಪಾಲನೆಯ ಗಡುವನ್ನು ಎರಡು ಬಾರಿ ಮುಂದೂಡಲಾಗಿದ್ದು, ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ ಅದು ಈಗ 2026ರ ಡಿಸೆಂಬರ್ 30ಕ್ಕೆ ನಿಂತಿದೆ. ಕಾನೂನಿಗೆ ಉತ್ತರಿಸಬೇಕಾದವರು ಆಮದುದಾರರು. ಆದರೆ ಅವರು ಕೇಳುವ ದಾಖಲೆ, ಮುಖ್ಯವಾಗಿ ಕಾಫಿ ಬೆಳೆದ ಜಾಗದ ಗುರುತು, ಹುಟ್ಟಬೇಕಾದದ್ದು ಬೆಳೆಗಾರನ ತೋಟದಲ್ಲಿ. ಭಾರತದ ಕಾಫಿಯ ಬಹುಪಾಲು ರಫ್ತಾಗುವುದರಿಂದಲೂ, ಇಟಲಿ, ಜರ್ಮನಿಗಳು ಅದರ ದೊಡ್ಡ ಖರೀದಿದಾರರಾಗಿರುವುದರಿಂದಲೂ ನಾವು ಇದರಿಂದ ಹೊರಗುಳಿಯುವಂತಿಲ್ಲ.

ನಾಲ್ಕು ಹೆಕ್ಟೇರ್‌ಗಿಂತ, ಅಂದರೆ ಸುಮಾರು ಹತ್ತು ಎಕರೆಗಿಂತ, ದೊಡ್ಡ ತೋಟವಾದರೆ ಅದರ ಗಡಿಯನ್ನೇ ನಕ್ಷೆಯಲ್ಲಿ ಗುರುತಿಸಬೇಕು. ಚಿಕ್ಕದಾದರೆ ಅಕ್ಷಾಂಶ, ರೇಖಾಂಶಗಳ ಒಂದು ಬಿಂದು ಸಾಕು. ಕೇಳಲು ಸುಲಭವೆನಿಸಿದರೂ ನಮ್ಮ ಸದಸ್ಯರಲ್ಲಿ ಹಲವರ ಐದಾರು ಎಕರೆ ಮೂರು ಕಡೆ ಹಂಚಿಹೋಗಿದೆ. ಕೊಡಗಿನಲ್ಲಿ ತಲೆಮಾರುಗಳಿಂದ ಕುಟುಂಬಕ್ಕೆ ಸೇರಿದ ಜಮ್ಮಾ ಹಿಡುವಳಿಗಳಲ್ಲಂತೂ ಪಹಣಿ ಕುಟುಂಬದ ಹಿರಿಯರಾದ ಪಟ್ಟೇದಾರರ ಹೆಸರಿನಲ್ಲಿದ್ದು, ಬೇಸಾಯ ಮಾಡುವವರು ಕುಟುಂಬದ ಬೇರೊಬ್ಬರಾಗಿರುತ್ತಾರೆ. ಭೂಮಿಯ ಹಕ್ಕೂ ನೆಲದ ಕಾನೂನಿಗೆ ಅನುಗುಣವಾಗಿರಬೇಕು ಎಂದು ಐರೋಪ್ಯ ನಿಯಮ ಹೇಳುವುದರಿಂದ, ಈ ಕಾಗದಗಳನ್ನು ಹೊಂದಿಸುವುದರಲ್ಲೇ ನಮ್ಮ ಹೆಚ್ಚಿನ ಸಮಯ ಹೋಗಿದೆ.

ಇನ್ನೊಂದು ತೊಡಕು ನೆರಳಿನದು. ಹಲಸು, ಅತ್ತಿ, ಹಾಲುವಾಣ, ಸಿಲ್ವರ್ ಓಕ್‌ಗಳ ಕೆಳಗೆ ಬೆಳೆಯುವ ನಮ್ಮ ಕಾಫಿ ಉಪಗ್ರಹದ ಚಿತ್ರದಲ್ಲಿ ಕಾಡಿನಂತೆಯೇ ಕಾಣಬಹುದು. ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಸವರಿ, ತೋಟಕ್ಕೆ ಬೆಳಕು ಬಿಟ್ಟರೆ, ದೂರದಲ್ಲಿ ಕುಳಿತು ಚಿತ್ರ ನೋಡುವವರಿಗೆ ಅದು ಕಾಡು ತೆಳುವಾದಂತೆ ತೋರಿದರೆ ಆಶ್ಚರ್ಯವಿಲ್ಲ. ಮರಗಳ ನಡುವಿನ ಬೇಸಾಯವನ್ನು ಆ ಕಾನೂನು ಕೃಷಿ ಎಂದೇ ಪರಿಗಣಿಸುತ್ತದೆಯಾದರೂ ಅದನ್ನು ತೋರಿಸಿಕೊಡುವ ಹೊಣೆ ನಮ್ಮ ಮೇಲೆಯೇ ಬೀಳುವುದರಿಂದ, ಮರಗಸಿಗೆ ಮುಂಚೆ ಮತ್ತು ನಂತರ ಫೋಟೊ ತೆಗೆದಿಡುವ ಕ್ರಮ ಆರಂಭಿಸಿದ್ದೇವೆ.

2025ರ ಮೇ ತಿಂಗಳಲ್ಲಿ ಐರೋಪ್ಯ ಒಕ್ಕೂಟ ಭಾರತವನ್ನು ಕಾಡು ನಾಶದ ಅಪಾಯ ಕಡಿಮೆಯಿರುವ ದೇಶಗಳ ಪಟ್ಟಿಗೆ ಸೇರಿಸಿದ ಮೇಲೂ ಇದೆಲ್ಲ ಏಕೆ ಎಂದು ಕೆಲವರು ಕೇಳಿದ್ದಾರೆ. ಅದರಿಂದ ಆಮದುದಾರರ ಪರಿಶೀಲನೆ ಸರಳವಾಯಿತೇ ಹೊರತು ತೋಟದ ಗುರುತು ಕೊಡುವುದು ತಪ್ಪಲಿಲ್ಲ.

ತಮ್ಮ ಕಾಡನ್ನು ಎಂದೋ ಕಡಿದುಕೊಂಡವರು ನಮಗೆ ನಿಯಮ ಹೇಳುತ್ತಾರೆಂಬ ಮಾತು ಸಂಘದ ಸಭೆಯಲ್ಲಿ ಬಂತು, ಅದನ್ನು ತಳ್ಳಿಹಾಕುವಂತಿಲ್ಲ. ಆದರೂ ಕಾನೂನಿನ ಗುರಿಯ ಬಗ್ಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಖರ್ಚಿನ ಹಂಚಿಕೆಯ ಬಗ್ಗೆ. ನೂರು ಎಕರೆಯ ತೋಟಕ್ಕೂ ಮೂರು ಎಕರೆಯ ತೋಟಕ್ಕೂ ಕಾಗದದ ಕೆಲಸ ಹೆಚ್ಚುಕಡಿಮೆ ಒಂದೇ ಆದಾಗ ಚಿಕ್ಕವನಿಗೆ ಕಿಲೋ ಲೆಕ್ಕದಲ್ಲಿ ಬೀಳುವ ಭಾರ ಹೆಚ್ಚು, ಮತ್ತು ಆ ಭಾರಕ್ಕೆ ಖರೀದಿದಾರರು ಹೆಚ್ಚಿನ ಬೆಲೆ ಕೊಡುವ ಖಾತ್ರಿ ಕಾನೂನಿನಲ್ಲಿಲ್ಲ.

ರಫ್ತಿಗೆ ಒಂದು, ಒಳನಾಡಿಗೆ ಒಂದು ಎಂದು ಕಣದಿಂದ ಗೋದಾಮಿನವರೆಗೆ ಎರಡು ದಾರಿ ಇಟ್ಟುಕೊಳ್ಳುವುದು ನಮ್ಮಂಥ ಸಣ್ಣ ಸಂಘಕ್ಕೆ ಇನ್ನೂ ದುಬಾರಿ. ಹಾಗಾಗಿ ಎಲ್ಲ ಕಾಫಿಯನ್ನೂ ಒಂದೇ ಕ್ರಮಕ್ಕೆ ತಂದಿದ್ದೇವೆ: ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ್ದು) ಆಗಲಿ ಚೆರ್ರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಆಗಲಿ, ಪ್ರತಿ ಚೀಲಕ್ಕೂ ತೋಟದ ಸಂಖ್ಯೆ ಕಟ್ಟಿಯೇ ಕ್ಯೂರಿಂಗ್‌ಗೆ, ಅಂದರೆ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸಕ್ಕೆ, ಕಳುಹಿಸುತ್ತೇವೆ. ಬೇಡಿಕೆ ಹೆಚ್ಚಾದಾಗ ಹೊರಗಿನ ಮಾರುಕಟ್ಟೆಯಿಂದ ಕೊಂಡು ಸೇರಿಸುವುದನ್ನು ನಿಲ್ಲಿಸಿರುವುದರಿಂದ ಕೆಲವು ತಿಂಗಳು ರೊಬಸ್ಟಾ ಜಾತಿಯ ಕಾಫಿಯ ಪುಡಿ ಸಿಗದೇ ಹೋಗಬಹುದು.

ಹಳೆಯ ದಾಸ್ತಾನು ಮುಗಿಯುವವರೆಗೆ ಹಳೆಯ ದರವೇ ಇರುತ್ತದೆ. ಮುಂಗಡ ಕೊಟ್ಟವರಿಗೆ ಹೆಚ್ಚಳ ಅನ್ವಯಿಸುವುದಿಲ್ಲ. ಪೊಟ್ಟಣದ ಲಾಟ್ ಸಂಖ್ಯೆಯನ್ನು ಕಚೇರಿಗೆ ತಿಳಿಸಿದರೆ ಅದು ಯಾವ ಊರಿನ ತೋಟಗಳಿಂದ ಬಂದದ್ದು ಎಂಬುದನ್ನು ತಿಳಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ
ಕಾಫಿ ಬೆಳೆಗಾರರ ಸಹಕಾರ ಸಂಘ, ಕೊಡಗು