ಕಡಿಮೆ ದರದ ಕರೆಂಟು ಇನ್ನು ಉಬ್ಬರ ಇಳಿತದ ಲೆಕ್ಕದಲ್ಲಿ

ಪ್ರಿಯ ಸದಸ್ಯರೇ,

ಮುಂದಿನ ಬಿಲ್ಲಿನಿಂದ ಒಂದು ಬದಲಾವಣೆ ಇದೆ. ಇಲ್ಲಿಯವರೆಗೆ ಕಡಿಮೆ ದರ ಇದ್ದದ್ದು ರಾತ್ರಿ ಮಾತ್ರ, ದಿನವೂ ಅದೇ ಗಂಟೆಗೆ. ಇನ್ನು ಕೊಲ್ಲಿಯಲ್ಲಿ ನೀರಿನ ಸೆಳೆತ ಜೋರಾಗಿದ್ದಾಗಲೆಲ್ಲ ದರ ಕಡಿಮೆ. ಸಾಮಾನ್ಯವಾಗಿ ದಿನಕ್ಕೆ ನಾಲ್ಕು ಸಲ, ನೀರು ಏರುವಾಗ ಎರಡು ಸಲ, ಇಳಿಯುವಾಗ ಎರಡು ಸಲ, ಹಗಲಲ್ಲೂ ಸಿಗುತ್ತದೆ. ಆದರೆ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ ಬೇಕು, ಹಾಗಾಗಿ ಆ ಹೊತ್ತು ದಿನದಿಂದ ದಿನಕ್ಕೆ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ.

ಕೊಲ್ಲಿಯ ಬಾಯಲ್ಲಿ ಇಳಿಸಿದ ಟರ್ಬೈನುಗಳು ಈಗ ಕರೆಂಟು ಕೊಡುತ್ತಿವೆ, ಅದಕ್ಕೇ ಈ ಬದಲಾವಣೆ. ಕೆಲಸ ಗಾಳಿಯಂತ್ರದ್ದೇ, ಆದರೆ ಸಮುದ್ರದ ನೀರು ಗಾಳಿಗಿಂತ 800 ಪಟ್ಟಿಗೂ ಜಾಸ್ತಿ ದಟ್ಟ, ಆದ್ದರಿಂದ ಚಿಕ್ಕ ರೆಕ್ಕೆಗಳೇ ಸಾಕಾಗುತ್ತವೆ. ನೀರು ದಿಕ್ಕು ಬದಲಿಸುವಾಗ ಸ್ವಲ್ಪ ಹೊತ್ತು ನಿಂತುಬಿಡುತ್ತದೆ. ಆಗ ನಿಮಗೆ ಬರುವುದು ಗ್ರಿಡ್ಡಿನ ಕರೆಂಟು, ದರವೂ ಮಾಮೂಲಿ.

ಒಂದು ವಿಷಯ ಮಾತ್ರ ಗಮನಿಸಿ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಸಪ್ಪೆ. ನೀರಿನ ವೇಗ ಅರ್ಧಕ್ಕೆ ಇಳಿದರೆ ಕರೆಂಟು ಅರ್ಧವಾಗುವುದಿಲ್ಲ, ಎಂಟನೇ ಒಂದು ಪಾಲಿಗೆ ಬಂದುಬಿಡುತ್ತದೆ. ಹಾಗಾಗಿ ಆ ದಿನಗಳಲ್ಲಿ ಕಡಿಮೆ ದರದ ಹೊತ್ತು ಚಿಕ್ಕದು. ಬಟ್ಟೆ ಒಗೆಯುವುದು, ನೀರು ಕಾಯಿಸುವುದು, ಗಾಡಿ ಚಾರ್ಜ್ ಮಾಡುವುದನ್ನು ಆದಷ್ಟು ಅಮಾವಾಸ್ಯೆ, ಹುಣ್ಣಿಮೆಯ ದಿನಗಳಿಗೆ ಇಟ್ಟುಕೊಂಡರೆ ಲಾಭ ನಿಮಗೇ. ಮೋಡ, ಗಾಳಿಯನ್ನು ವಾರದ ಮೊದಲೇ ಸರಿಯಾಗಿ ಹೇಳುವುದು ಕಷ್ಟ, ಉಬ್ಬರ ಇಳಿತವನ್ನು ವರ್ಷಗಳ ಮೊದಲೇ ಲೆಕ್ಕ ಹಾಕಬಹುದು. ಈ ಭರವಸೆ ಇರುವುದರಿಂದಲೇ ನಾವು ಈ ದಾರಿ ಹಿಡಿದೆವು. ಇಡೀ ವರ್ಷದ ವೇಳಾಪಟ್ಟಿ ಪತ್ರದ ಜೊತೆಗಿದೆ.

ಅಣೆಕಟ್ಟು ಕಟ್ಟಿದ್ದೀರಾ ಎಂದು ಹಲವರು ಕೇಳಿದ್ದೀರಿ. ಇಲ್ಲ. ಫ್ರಾನ್ಸಿನ ರಾನ್ಸ್ ನದಿಮುಖದಲ್ಲಿ 1966ರಲ್ಲಿ ಶುರುವಾದ 240 ಮೆಗಾವಾಟ್ ಸ್ಥಾವರ ಅಣೆಕಟ್ಟಿನದು, ಇಂದಿಗೂ ನಡೆಯುತ್ತಿದೆ, ಆದರೆ ಕಟ್ಟುವಾಗ ನದಿಮುಖವನ್ನು ಮುಚ್ಚಿದ್ದರಿಂದ ಅಲ್ಲಿನ ಜಲಚರಗಳಿಗೆ ದೊಡ್ಡ ಪೆಟ್ಟು ಬಿತ್ತು. ನಮಗೆ ಅದು ಬೇಡವಾಗಿತ್ತು. ಸ್ಕಾಟ್ಲೆಂಡಿನ ಪೆಂಟ್‌ಲ್ಯಾಂಡ್ ಫರ್ತ್‌ನಲ್ಲಿ ಇರುವಂತೆ ನಮ್ಮ ಯಂತ್ರಗಳೂ ತಳದಲ್ಲಿ ಕೂತಿವೆ, ನೀರಿಗೆ ಅಡ್ಡಗೋಡೆ ಇಲ್ಲ. ದೋಣಿಯವರು ಮಾತ್ರ ದಯವಿಟ್ಟು ತೇಲುಗುರುತಿನ ಒಳಗೆ ಲಂಗರು ಹಾಕಬೇಡಿ, ಬಲೆಯನ್ನೂ ಬಿಡಬೇಡಿ, ಕೇಬಲ್ ಅಲ್ಲೇ ಇದೆ.

ಮನೆಯಲ್ಲಿ ಕಾಯಿಲೆಯವರಿದ್ದಾರೆ, ಅಂಗಡಿಯ ಹೊತ್ತು ಬದಲಿಸಲು ಆಗುವುದಿಲ್ಲ ಅನ್ನುವವರು ಹಳೆಯ ರಾತ್ರಿ ದರದಲ್ಲೇ ಉಳಿಯಬಹುದು. ಬಿಲ್ಲಿನ ಹಿಂದಿನ ಚೀಟಿ ತುಂಬಿಸಿ ಕಳಿಸಿ, ಅಷ್ಟೇ.

ನಿಮ್ಮ ವಿದ್ಯುತ್ ಸಹಕಾರ ಸಂಘ