ಪಾಯದ ಗುಂಡಿಯಲ್ಲೇ ಟೇಪು ಹಿಡಿಸಿ: ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯರೇ,

ಶ್ರೀನಗರ, ವಿಜಯನಗರ, ಆರ್.ಟಿ. ನಗರ, ಬಿಟಿಎಂ ಬಡಾವಣೆ, ಮಾರತ್ತಹಳ್ಳಿ, ಎಲ್ಲಿ ನೋಡಿದರೂ 30×40ರ ಹಳೆ ಮನೆ ಒಡೆದು ಬಾಡಿಗೆ ಕಟ್ಟಡವನ್ನೋ ಪಿ.ಜಿ.ಯನ್ನೋ ಎಬ್ಬಿಸುತ್ತಿದ್ದಾರೆ. ಎಷ್ಟೋ ಕಡೆ ನಕ್ಷೆಯಲ್ಲಿರುವುದು ಮೂರು ಅಂತಸ್ತು, ರಸ್ತೆಯಲ್ಲಿ ನಿಂತಿರುವುದು ಐದು. ಕಟ್ಟಡ ಎದ್ದು ಜನ ಒಳಹೊಕ್ಕ ಮೇಲೆ ತಾತ್ಕಾಲಿಕ ಆದೇಶ, ದೃಢೀಕರಣ ಆದೇಶ, ಅದಕ್ಕೊಂದು ತಡೆಯಾಜ್ಞೆ, ಅಲ್ಲಿಗೆ ಕಡತ ಮಲಗುತ್ತದೆ. ಹೆಚ್ಚುವರಿ ಮಹಡಿಯನ್ನು ಪಾಯದ ಹಂತದಲ್ಲೇ ಹಿಡಿಯಬಹುದು, ಹಾಗೆ ಹಿಡಿಯುವ ವ್ಯವಸ್ಥೆ ಮಾಡಿ ಎಂದು ಕೇಳಲು ಈ ಪತ್ರ. ಇಂಥ ಮನೆಗಳಿಗೆ ಸ್ಟ್ರಕ್ಚರಲ್ ಡ್ರಾಯಿಂಗ್ ಮಾಡಿಕೊಡುವ, ಸೈಟಿನಲ್ಲಿ ನಿಂತು ಕೆಲಸ ಮಾಡಿಸುವ ಸಿವಿಲ್ ಎಂಜಿನಿಯರುಗಳು ನಾವು.

ಮೊದಲು ದುಡ್ಡಿನ ಲೆಕ್ಕ ನೋಡಿ. ಜಾಗದ ಬೆಲೆ ಒಂದು ಸಲ ಕೊಟ್ಟಾಯಿತು. ಮೇಲೇರಿಸುವ ಮಹಡಿಗೆ ಬರೀ ಕಟ್ಟುವ ಖರ್ಚು. 900 ಚದರ ಅಡಿಯ ಒಂದು ಮಹಡಿಗೆ ಚದರ ಅಡಿಗೆ 2,000 ರೂಪಾಯಿ ಹಿಡಿದರೆ 18 ಲಕ್ಷ. ಅಲ್ಲಿ ಎರಡು ಸಿಂಗಲ್ ಬೆಡ್‌ರೂಮ್ ಮನೆ ಮಾಡಿ ತಲಾ 15,000 ಬಾಡಿಗೆ ಬಂದರೆ ವರ್ಷಕ್ಕೆ 3.6 ಲಕ್ಷ, ಐದು ವರ್ಷಕ್ಕೆ ಹಾಕಿದ ದುಡ್ಡು ವಾಪಸ್. ದಂಡ ಕಟ್ಟಿಸಿಕೊಂಡು ನಿಯಮಭಂಗವನ್ನು ಸಕ್ರಮ ಮಾಡುವ ಸರ್ಕಾರದ ‘ಅಕ್ರಮ-ಸಕ್ರಮ’ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲೇ ತಡೆ ಕೊಟ್ಟಿದ್ದರೂ, ಇವತ್ತಲ್ಲ ನಾಳೆ ದಂಡ ಕಟ್ಟಿ ಸರಿ ಮಾಡಿಸಿಕೊಳ್ಳಬಹುದು ಎಂಬ ಆಸೆ ಇನ್ನೂ ಹೋಗಿಲ್ಲ. ನಿವೃತ್ತಿಯ ಹಣ ಹಾಕುವ ಮಾಲೀಕರಿಗೆ ಈ ಲೆಕ್ಕ ಒಪ್ಪಿಸುವುದು ಬಿಲ್ಡರ್‌ಗೆ ಕಷ್ಟವೇ ಅಲ್ಲ.

ಸರ್ಕಾರ ಈ ಪುಟ್ಟ ನಿವೇಶನಗಳಿಗೆ ಎರಡೂ ತುದಿಯಲ್ಲಿ ಬಾಗಿಲು ಸಡಿಲ ಮಾಡಿದೆ. 2024ರಲ್ಲಿ ಬಂದ ‘ನಂಬಿಕೆ ನಕ್ಷೆ’ಯಲ್ಲಿ 50×80ರವರೆಗಿನ ನಿವೇಶನಕ್ಕೆ, ನಾಲ್ಕು ಮನೆಗಳವರೆಗೆ, ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮಾತಿನ ಮೇಲೆಯೇ ತಾತ್ಕಾಲಿಕ ನಕ್ಷೆ ಸಿಗುತ್ತದೆ. 2025ರಲ್ಲಿ 1,200 ಚದರ ಅಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು, ಇಲ್ಲವೇ ಸ್ಟಿಲ್ಟ್ (ಕಂಬಗಳ ಮೇಲೆ ತೆರೆದಿಟ್ಟ ವಾಹನ ನಿಲುಗಡೆಯ ಅಂತಸ್ತು) ಮತ್ತು ಮೂರು ಮಹಡಿಯ ಮನೆಗಳಿಗೆ ಓ.ಸಿ., ಅಂದರೆ ವಾಸಯೋಗ್ಯ ಪ್ರಮಾಣಪತ್ರದಿಂದ ವಿನಾಯಿತಿ ಬಂತು. ಕಚೇರಿಗೆ ಅಲೆದು ಸುಸ್ತಾದ ಸಾಮಾನ್ಯರಿಗೆ ಎರಡರಿಂದಲೂ ಅನುಕೂಲವಾಗಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಶುರುವಿನಲ್ಲಿ ನಂಬಿಕೆ, ಕೊನೆಯಲ್ಲಿ ವಿನಾಯಿತಿ ಎಂದಾದ ಮೇಲೆ ನಡುವೆ ಯಾರಾದರೂ ಬಂದು ನೋಡಲೇಬೇಕಲ್ಲ? ಮಂಜೂರಾದ ನಕ್ಷೆಯನ್ನು ಸೈಟಿನಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ತಪಾಸಣೆ ಮಾಡಿ ದಾಖಲೆ ಇಡಬೇಕು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ್ದೂ ಇದನ್ನೇ.

ನೋಡುವುದಕ್ಕೆ ಪಾಯದ ಗುಂಡಿಗಿಂತ ಒಳ್ಳೆಯ ಜಾಗವಿಲ್ಲ. ಒಂದು ಉದಾಹರಣೆ: ಕಾಲಂಗಳ ನಡುವೆ 12 ಅಡಿ ಅಂತರವಿದ್ದರೆ ಒಳಗಿನ ಒಂದು ಕಾಲಂ ಪ್ರತಿ ಮಹಡಿಯಿಂದ ಸುಮಾರು 16 ಟನ್ ಭಾರ ಹೊರುತ್ತದೆ. ಮೂರು ಮೋಲ್ಡಿಂಗ್‌ಗೆ (ತಾರಸಿ ಕಾಂಕ್ರೀಟಿಗೆ) 48 ಟನ್, ಐದಕ್ಕೆ 80 ಟನ್. ಮಣ್ಣು ಚದರ ಮೀಟರಿಗೆ 18 ಟನ್ ತಡೆಯುತ್ತದೆ ಎಂದಿಟ್ಟುಕೊಂಡು, ಫುಟಿಂಗಿನ (ಕಾಲಂ ಕೆಳಗಿನ ಅಗಲ ಕಾಂಕ್ರೀಟ್ ಪಾದದ) ಸ್ವಂತ ಭಾರಕ್ಕೆ ಶೇ 10 ಸೇರಿಸಿದರೆ ಮೂರಕ್ಕೆ 5.6 ಅಡಿ ಚೌಕದ ಫುಟಿಂಗ್ ಸಾಕು, ಐದಕ್ಕೆ 7.2 ಅಡಿ ಬೇಕು. ಅಂದರೆ ಗುಂಡಿಯ ತಳದ ಪಿ.ಸಿ.ಸಿ. (ಕಂಬಿಯಿಲ್ಲದ ಕಾಂಕ್ರೀಟ್ ಹಾಸು) ಮೇಲೆ ಕಂಬಿಯ ಜಾಲಿ ಹೆಣೆದಿಟ್ಟಾಗ ಟೇಪು ಹಿಡಿದರೆ ಮಾಲೀಕರ ಮನಸ್ಸಿನಲ್ಲಿ ಎಷ್ಟು ಮಹಡಿ ಇದೆ ಎಂದು ಗೊತ್ತಾಗಿಬಿಡುತ್ತದೆ. ಫುಟಿಂಗ್ ಡ್ರಾಯಿಂಗಿಗಿಂತ ಒಂದೂವರೆ ಅಡಿ ದೊಡ್ಡದಿದ್ದರೆ ಅಲ್ಲೇ ಕೇಳಿ. ನಕ್ಷೆಯಷ್ಟೇ ಇದ್ದರೆ ಅದರ ಫೋಟೋ ದಾಖಲೆಗೆ ಸೇರಲಿ. ಮುಂದೆ ಅದರ ಮೇಲೆ ಐದು ಮಹಡಿ ಎದ್ದರೆ ಅದು ಬರೀ ನಿಯಮಭಂಗವಲ್ಲ, ಪ್ರಾಣಾಪಾಯ ಎನ್ನುವುದಕ್ಕೆ ಅದೇ ಸಾಕ್ಷಿ.

ಪಾಯ ಮೂರಕ್ಕೆ, ಮಹಡಿ ಐದು ಎಂಬ ಈ ಎರಡನೇ ಬಗೆಯೇ ಹೆಚ್ಚು ಭಯ ಹುಟ್ಟಿಸುವಂಥದ್ದು. 9×12 ಅಂಗುಲದ ಕಾಲಂ, ಎಂ-20 ದರ್ಜೆಯ ಕಾಂಕ್ರೀಟ್, 12 ಎಂ.ಎಂ.ನ ಆರು ಕಂಬಿ: ಇದು ಹೊರುವುದು ಹೆಚ್ಚುಕಡಿಮೆ 49 ಟನ್, ಅಂದರೆ ಮೂರು ಮೋಲ್ಡಿಂಗ್‌ಗೆ ಅಳತೆ ಮಾಡಿ ಕೊಟ್ಟಂತೆ. ಬಾಡಿಗೆಯ ಆಸೆಗೆ ಇನ್ನೆರಡು ಮಹಡಿ ಏರಿಸಿ, ತುದಿಯಲ್ಲಿ 10,000 ಲೀಟರಿನ ಟ್ಯಾಂಕ್ ಕೂರಿಸಿದರೆ ಇನ್ನೂ 10 ಟನ್. ಮೇಸ್ತ್ರಿ ಕಾಂಕ್ರೀಟಿಗೆ ನೀರು ಜಾಸ್ತಿ ಹಾಕಿದ್ದರೆ ಆ 49 ಟನ್ನೂ ಇರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಒಂಬತ್ತು ಕಾರ್ಮಿಕರು ಸತ್ತರು. ಸತ್ತವರು ಬೇರೆ ಊರುಗಳಿಂದ ಕೂಲಿಗೆ ಬಂದವರು. ಆ ಕಟ್ಟಡದ ಬಾಡಿಗೆಯಲ್ಲಿ ಅವರಿಗೆ ಒಂದು ರೂಪಾಯಿಯೂ ಬರುತ್ತಿರಲಿಲ್ಲ.

ಪಕ್ಕದ ಮನೆಯದ್ದೂ ಇದೇ ಹಂತದ ಪ್ರಶ್ನೆ. ಹಳೆ ಮನೆಗಳು ಸೈಜುಗಲ್ಲಿನ ಪಾಯದ ಮೇಲಿವೆ, ಆಳ ಮೂರು ನಾಲ್ಕು ಅಡಿ. ಅದರ ಮಗ್ಗುಲಲ್ಲೇ ಜೆಸಿಬಿ ತಂದು ನೆಲಮಾಳಿಗೆಗೆ ಹತ್ತು ಅಡಿ ನೇರ ಕತ್ತರಿಸಿದರೆ, ಒಂದು ಜೋರು ಮಳೆಗೆ ಕಲ್ಲಿನ ಕೆಳಗಿನ ಮಣ್ಣು ಜಾರುತ್ತದೆ. ಮೊದಲು ಬಾಗಿಲು ಚೌಕಟ್ಟಿನ ಮೂಲೆಯಲ್ಲಿ ಓರೆ ಬಿರುಕು, ಆಮೇಲೆ ಗೋಡೆಯೇ ವಾಲುತ್ತದೆ. ಗಡಿಯ ಕಡೆ ಒಂದೇ ಏಟಿಗೆ ಅಗೆಯದೆ ನಾಲ್ಕೈದು ಅಡಿಯ ತುಂಡುಗಳಾಗಿ, ಒಂದು ಬಿಟ್ಟು ಒಂದರಂತೆ ಅಗೆದು, ಆಯಾ ತುಂಡಿಗೆ ತಡೆಗೋಡೆ ಕಟ್ಟಿಕೊಂಡೇ ಮುಂದಕ್ಕೆ ಹೋಗಬೇಕು. ಇದಕ್ಕೆ ಹತ್ತು ಹದಿನೈದು ದಿನ ಹೆಚ್ಚು ಹಿಡಿಯುತ್ತದೆ. ಅದಕ್ಕೇ ಯಾರೂ ಮಾಡುವುದಿಲ್ಲ.

ನೀರು, ಒಳಚರಂಡಿಯ ಮಾತು ಚಿಕ್ಕದಾಗಿ ಹೇಳುತ್ತೇವೆ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನರ ಮನೆಗೆ 675 ಲೀಟರ್, ಅದೇ ಜಾಗದ 60 ಹಾಸಿಗೆಯ ಪಿ.ಜಿ.ಗೆ 8,100 ಲೀಟರ್. ಅದರಲ್ಲಿ ಶೇ 80 ಕೊಳಚೆಯಾಗಿ ಅಡ್ಡರಸ್ತೆಯ 6 ಅಥವಾ 9 ಅಂಗುಲದ ಹಳೆ ಕೊಳವೆಗೆ ಇಳಿಯುತ್ತದೆ. ತಾರಸಿ ನೀರಿನ ಪೈಪನ್ನೂ ಅದಕ್ಕೇ ಜೋಡಿಸಿದರೆ, ಮಳೆ ಬಂದಾಗ ರಸ್ತೆಯ ತಗ್ಗಿನಲ್ಲಿರುವ ಮನೆಯ ಬಚ್ಚಲಿನಲ್ಲಿ ಉಕ್ಕುತ್ತದೆ. ಊರಿಗೆ ಬಾಡಿಗೆ ಮನೆ ಬೇಕು, ದುಡಿಯಲು ಬಂದ ಮಕ್ಕಳಿಗೆ ಪಿ.ಜಿ.ಯೂ ಬೇಕು. ಕೊಳವೆ ತಡೆಯುವಷ್ಟು ಬರಲಿ.

ಇನ್ನು ನಮ್ಮ ಬೇಡಿಕೆ. ಐದೂ ನಗರ ಪಾಲಿಕೆಗಳಲ್ಲಿ ಪ್ರತಿ ಹೊಸ ಕಟ್ಟಡವನ್ನು ಮೂರು ಸಲ ನೋಡುವುದು ಕಡ್ಡಾಯವಾಗಲಿ. ಮಾರ್ಕಿಂಗ್ (ಪಾಯದ ಗೆರೆ ಹಾಕುವ) ದಿನ ಗಡಿಯಿಂದ ಕಾಲಂ ಗೆರೆಗೆ ಎಷ್ಟು ಜಾಗ ಬಿಟ್ಟಿದ್ದಾರೆ ಎಂದು ಅಳೆಯಲಿ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಜಾಗ ನುಂಗುವುದು ಅಲ್ಲಿಂದಲೇ ಶುರು. ಎರಡನೆಯದು ಜಾಲಿ ಹೆಣೆದ ದಿನ. ಮೂರನೆಯದು ಮಂಜೂರಾದ ಕೊನೆಯ ಮೋಲ್ಡಿಂಗ್ ಆದ ಮೇಲೆ. ಅಲ್ಲಿ ಮೆಟ್ಟಿಲಿನ ಹೆಡ್‌ರೂಮ್ (ತಾರಸಿಯ ಮೇಲಿನ ಮೆಟ್ಟಿಲು ಕೋಣೆ) ಹೊತ್ತ ನಾಲ್ಕು ಕಾಲಂ ಬಿಟ್ಟು ಬೇರೆ ಕಾಲಂಗಳಿಂದಲೂ ಎರಡೆರಡು ಅಡಿ ಕಂಬಿ ಮೇಲೆ ನಿಂತಿದ್ದರೆ ಇನ್ನೊಂದು ಮಹಡಿ ಬರಲಿದೆ ಎಂದೇ ಅರ್ಥ. ಆಗಲೇ ಕೆಲಸದ ತಾತ್ಕಾಲಿಕ ವಿದ್ಯುತ್ ಕಡಿತವಾಗಲಿ. ಜಾಲಿಯ ಹಂತದಲ್ಲಿ ತಪ್ಪು ತಿದ್ದುವುದು ಒಂದೆರಡು ದಿನದ ಕೂಲಿಯ ಮಾತು. ಮೋಲ್ಡಿಂಗ್ ಆದ ಮೇಲೆ ಬ್ರೇಕರ್ ಹಚ್ಚಬೇಕು, ಪಕ್ಕದ ಮನೆಯೂ ಅದುರುತ್ತದೆ.

ಕೊಳ್ಳುವವರಿಗೂ ಈ ದಾಖಲೆಯೇ ಆಸರೆ. 500 ಚದರ ಮೀಟರ್ ಮೀರದ ಅಥವಾ ಎಂಟು ಮನೆ ದಾಟದ ಯೋಜನೆಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕಿಲ್ಲ. 30×40 ಎಂದರೆ 111 ಚದರ ಮೀಟರ್ ಚಿಲ್ಲರೆ. ಹಾಗಾಗಿ ಮಾಲೀಕ-ಬಿಲ್ಡರ್ ಜಂಟಿ ಒಪ್ಪಂದದಲ್ಲಿ ಎದ್ದ ಐದನೇ ಮಹಡಿಯ ಫ್ಲಾಟನ್ನು ಜಾಗದ ಅವಿಭಾಜ್ಯ ಪಾಲು ತೋರಿಸಿ ಮಾರಿದಾಗ, ಆ ಮಹಡಿ ನಕ್ಷೆಯಲ್ಲೇ ಇಲ್ಲ ಎಂದು ಕೊಂಡವರಿಗೆ ಹೇಳುವವರು ಯಾರೂ ಇರುವುದಿಲ್ಲ. ಮೂರೂ ತಪಾಸಣೆಯ ಫೋಟೋ ನಕ್ಷೆಯ ಸಂಖ್ಯೆಯಡಿ ಎಲ್ಲರಿಗೂ ಕಾಣುವಂತಿರಲಿ.

ಇನ್ನೊಂದು ತಪಾಸಣೆ ಎಂದರೆ ಇನ್ನೊಂದು ಕೈಬಿಸಿ ಎಂದು ಜನ ಹೆದರುವುದು ಸಹಜ. ಆದ್ದರಿಂದ ತಪಾಸಣೆಗೆ ಬೇರೆ ವಾರ್ಡಿನ ಎಂಜಿನಿಯರನ್ನು ಕಂಪ್ಯೂಟರೇ ಚೀಟಿ ಎತ್ತಿದಂತೆ ಆರಿಸಲಿ. ಮಾಲೀಕರು ತಿಳಿಸಿದ ಎರಡು ಕೆಲಸದ ದಿನದೊಳಗೆ ಯಾರೂ ಬಾರದಿದ್ದರೆ, ಟೇಪು ಕಾಣುವಂತೆ ತೆಗೆದ, ಜಾಗ ಮತ್ತು ಹೊತ್ತು ದಾಖಲಾದ ಫೋಟೋ ಹಾಕಿ ಕಾಂಕ್ರೀಟ್ ಸುರಿಯಲು ಅವರಿಗೆ ಹಕ್ಕಿರಲಿ. ಆ ಫೋಟೋ ಸುಳ್ಳಾದರೆ ಸಹಿ ಹಾಕಿದ ಎಂಜಿನಿಯರ ಪರವಾನಗಿ ರದ್ದಾಗಲಿ. ಆ ಷರತ್ತಿಗೆ ನಾವು ಒಪ್ಪುತ್ತೇವೆ.

ಇಂತಿ,
ಬೆಂಗಳೂರಿನ ಬಡಾವಣೆಗಳಲ್ಲಿ ಕೆಲಸ ಮಾಡುವ ಕೆಲವು ಸಿವಿಲ್ ಎಂಜಿನಿಯರುಗಳು