ಹತ್ತೋದು ಕಾಲಲ್ಲಿ, ಇಳಿಯೋದು ಬಸ್ಸಲ್ಲಿ: ಚಾಮುಂಡಿ ಬೆಟ್ಟದ ಮೆಟ್ಟಿಲ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಅಪ್ಪ, ಅಮ್ಮ, ಹೆಂಡತಿ, ಏಳು ವರ್ಷದ ಮಗಳು, ಇಷ್ಟು ಜನರನ್ನ ಕರಕೊಂಡು ಚಾಮುಂಡಿ ಬೆಟ್ಟಾನ ಮೆಟ್ಟಿಲಲ್ಲೇ ಹತ್ತಬಹುದಾ ಅಂತ ಕೇಳಿದ್ದೀಯ. ಹತ್ತಬಹುದು, ಧಾರಾಳವಾಗಿ. ಆದರೆ ಎಲ್ಲರೂ ಬೆಟ್ಟದ ಪಾದದಿಂದಲೇ ಹೊರಡಬೇಕು, ಎಲ್ಲರೂ ಮೆಟ್ಟಿಲಲ್ಲೇ ಇಳಿಯಬೇಕು ಅಂತ ಹಟ ಹಿಡಿದರೆ ಆವತ್ತಿನ ದಿನ ಕೆಡುತ್ತೆ. ನಾನು ಹೇಳೋದು ಇಷ್ಟು: ನೀವು ಮೂವರು ಪಾದದಿಂದ ಹತ್ತಿ. ಅಪ್ಪ ಅಮ್ಮ ಗಾಡಿಯಲ್ಲಿ ಬಂದು, ಮೆಟ್ಟಿಲ ದಾರಿಯಲ್ಲಿ ಸಿಗೋ ದೊಡ್ಡ ನಂದಿ ವಿಗ್ರಹದ ಹತ್ತಿರ ಸೇರಿಕೊಳ್ಳಲಿ. ಇಳಿಯೋದು ಮಾತ್ರ ಐದೂ ಜನ ಬಸ್ಸಲ್ಲಿ.

ಮೊದಲು ಅಳತೆ ತಿಳಕೋ, ಭಯ ಅರ್ಧ ಕಡಿಮೆಯಾಗುತ್ತೆ. ಬೆಟ್ಟದ ತುದಿ ಸಮುದ್ರಮಟ್ಟದಿಂದ 1,062 ಮೀಟರ್ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆದರೆ ಮೈಸೂರು ಊರೇ 760 ಮೀಟರಿನ ಆಸುಪಾಸಿನಲ್ಲಿದೆ. ಹಾಗಾಗಿ ನೀನು ನಿಜವಾಗಿ ಏರೋದು ಹೆಚ್ಚೆಂದರೆ 300 ಮೀಟರಿನ ಆಸುಪಾಸು. ಮೆಟ್ಟಿಲು 1,008 ಅಂತ ವಾಡಿಕೆ. ಎಣಿಸಿದವರ ಲೆಕ್ಕ ಒಬ್ಬರದು ಇನ್ನೊಬ್ಬರಿಗೆ ಹೊಂದೋದಿಲ್ಲ, ಯಾಕೆಂದರೆ ನಡುನಡುವೆ ಬರೋ ಚಪ್ಪಡಿ ಹಾಸನ್ನ ಕೆಲವರು ಮೆಟ್ಟಿಲು ಅಂತಾರೆ, ಕೆಲವರು ಅನ್ನಲ್ಲ. ದಿನಾ ಹತ್ತೋ ಮೈಸೂರಿನವರು ಅರ್ಧ ಗಂಟೆಯೊಳಗೆ ಮೇಲಿರುತ್ತಾರೆ. ಅವರನ್ನ ನೋಡಿ ನೀನು ಹೆಜ್ಜೆ ಹಾಕಬೇಡ. ಮಗು ಜೊತೆಗಿದ್ದರೆ ಒಂದೂಕಾಲು ಗಂಟೆ ಇಟ್ಟುಕೋ.

ಈ ಮೆಟ್ಟಿಲು ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು, 1659ರಿಂದ 1673ರವರೆಗೆ ಆಳಿದವರು. ನಂದಿಯೂ ಅವರ ಕಾಲದ್ದೇ. ಮುನ್ನೂರೈವತ್ತು ವರ್ಷದ ಕಲ್ಲು ಅನ್ನೋದನ್ನ ಕಾಲಿಗೂ ನೆನಪಿಸಬೇಕು, ಯಾಕೆಂದರೆ ಇದು ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲ. ಒಂದು ಗೇಣಿಗಿಂತ ಗಿಡ್ಡ, ಅದರ ಮುಂದಿನದು ಗೇಣು ಮೀರಿ ಎತ್ತರ. ಹತ್ತು ಮೆಟ್ಟಿಲು ಒಂದೇ ಸಮ ಹತ್ತಿದ ಕಾಲು ಅದೇ ಎತ್ತರಕ್ಕೆ ಒಗ್ಗಿಕೊಂಡಿರುತ್ತೆ. ಹನ್ನೊಂದನೆಯದು ಎರಡು ಬೆರಳು ಜಾಸ್ತಿ ಇದ್ದರೆ ಸಾಕು, ಬೆರಳ ತುದಿ ಅಂಚಿಗೆ ತಗುಲಿ ಮುಗ್ಗರಿಸ್ತೀವಿ. ಇಲ್ಲಿ ಬೀಳೋರಲ್ಲಿ ಹೆಚ್ಚಿನವರು ಸುಸ್ತಾಗಿ ಬೀಳೋದಲ್ಲ, ಮಾತಾಡ್ತಾ ಪಕ್ಕದವರ ಮುಖ ನೋಡಿಕೊಂಡು ಬೀಳೋದು. ಮಾತು ಬೇಕಾದರೆ ನಿಂತು ಆಡಿ.

ಇನ್ನೊಂದು ಜಾರಿಕೆ ಅರಿಶಿನ ಕುಂಕುಮದ್ದು. ಹರಕೆ ಹೊತ್ತ ಹೆಣ್ಣುಮಕ್ಕಳು ಪಾದದಿಂದ ತುದಿವರೆಗೆ ಒಂದೊಂದು ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಇಡುತ್ತಾ ಹೋಗ್ತಾರೆ. ಸವೆದು ನುಣುಪಾದ ಕಲ್ಲಿನ ಮೇಲೆ ಒಣ ಪುಡಿ ಇದ್ದಾಗ ತೊಂದರೆಯಿಲ್ಲ. ಇಬ್ಬನಿ ಬಿದ್ದರೋ, ತುಂತುರು ಮಳೆ ಬಂದರೋ ಅದು ಲೇಪದ ಹಾಗೆ ಆಗುತ್ತೆ. ಕೆಂಪು, ಹಳದಿ ಕಂಡ ಜಾಗ ಬಿಟ್ಟು ಪಕ್ಕದ ಬರಿ ಕಲ್ಲಿನ ಮೇಲೆ ಕಾಲಿಡಿ. ಅದು ಅವರ ಹರಕೆಗೂ ಮರ್ಯಾದೆ, ನಿಮ್ಮ ಕಾಲಿಗೂ ಕ್ಷೇಮ. ಯಾರಾದರೂ ಬಗ್ಗಿ ಇಡ್ತಾ ಇದ್ದರೆ ದಾಟಿಕೊಂಡು ಹೋಗಬೇಡಿ, ಅವರು ಮೇಲಿನ ಮೆಟ್ಟಿಲಿಗೆ ಸರಿಯೋವರೆಗೆ ಒಂದು ಉಸಿರು ಕಾಯಿರಿ.

ಕಾಲಿಗೆ, ಹಿಮ್ಮಡಿ ಹಿಂದೆ ಪಟ್ಟಿ ಕಟ್ಟೋ ಚಪ್ಪಲಿ ಎಲ್ಲಕ್ಕಿಂತ ವಾಸಿ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿ ಕಡೆ ಸಡಿಲ. ಬಿಗಿ ಶೂ ಆಗುತ್ತೆ, ಆದರೆ ಮೇಲೆ ದೇವಸ್ಥಾನದ ಹತ್ತಿರ ಬಿಚ್ಚಿ ಇಡಬೇಕು, ಮಗುವಿಗೆ ಲೇಸು ಕಟ್ಟೋ ಕೆಲಸ ಎರಡು ಸಲ ಆಗುತ್ತೆ. ನಿಮ್ಮಲ್ಲಿ ಯಾರಾದರೂ ಬರಿಗಾಲಲ್ಲೇ ಹತ್ತೀನಿ ಅಂದರೆ ತಡೀಬೇಡ, ಅಲ್ಲಿ ಎಷ್ಟೋ ಜನ ಹಾಗೇ ಹತ್ತೋದು. ಬಿಸಿಲು ಏರಿ ಕಲ್ಲು ಕಾಯೋದರ ಒಳಗೆ ಮುಗಿಯಬೇಕು ಅಷ್ಟೇ.

ಬೆಳಗಿನ ಹೊತ್ತನ್ನೇ ಆರಿಸಿಕೋ ಅನ್ನೋದಕ್ಕೆ ಬಿಸಿಲೊಂದೇ ಕಾರಣ ಅಲ್ಲ. ಮೆಟ್ಟಿಲ ದಾರಿ ಬೆಟ್ಟದ ಊರ ಕಡೆಯ ಮಗ್ಗುಲಲ್ಲಿದೆ, ಸೂರ್ಯ ಹುಟ್ಟೋದು ಬೆಟ್ಟದ ಆ ಕಡೆ. ಹಾಗಾಗಿ ಬೆಳಗ್ಗೆ ಬೆಟ್ಟದ ನೆರಳೇ ನಿಮ್ಮ ಮೇಲಿರುತ್ತೆ, ಕೆಳಗೆ ಊರಿನ ಮೇಲೆ ಮಾತ್ರ ಎಳೆ ಬಿಸಿಲು. ಸಂಜೆಗೆ ಇದು ತಿರುವುಮುರುವು: ಬಿಸಿಲು ಕಣ್ಣಿಗೇ ಹೊಡೆಯುತ್ತೆ, ಊರು ಮಸುಕು. ಹಾಗಂತ ಕತ್ತಲಲ್ಲೂ ಹೊರಡಬೇಡ. ಬೆಟ್ಟದ ಸುತ್ತ ಮೀಸಲು ಅರಣ್ಯ ಇದೆ, ಚಿರತೆ ಇವೆ. ಆಗಾಗ ಕಾಣಿಸಿಕೊಳ್ಳೋದು ಪತ್ರಿಕೆಯಲ್ಲೂ ಬರುತ್ತೆ. ಬೆಳಕು ಚೆನ್ನಾಗಿ ಹರಿದ ಮೇಲೆ, ನಾಲ್ಕು ಜನ ಓಡಾಡೋಕೆ ಶುರುವಾದ ಮೇಲೆ ಮೊದಲ ಮೆಟ್ಟಿಲು ಮುಟ್ಟಿ. ಅಕ್ಟೋಬರ್, ನವೆಂಬರಿನಲ್ಲಿ ಆರೂಕಾಲು ಸರಿಯಾದ ಹೊತ್ತು, ಜನವರಿಯಲ್ಲಿ ಏಳಕ್ಕೆ ಹತ್ತಿರ. ಆಟೋದವರಿಗೆ "ಬೆಟ್ಟದ ಪಾದ" ಅಂದರೆ ಸಾಕು. "ಚಾಮುಂಡಿ ಬೆಟ್ಟ" ಅಂತ ಮಾತ್ರ ಅಂದರೆ ನೇರ ತುದಿಗೇ ಕರಕೊಂಡು ಹೋಗಿಬಿಟ್ಟಾರು.

ಹೊಟ್ಟೆ ತುಂಬ ತಿಂಡಿ ತಿಂದು ಹತ್ತಬೇಡಿ, ಖಾಲಿ ಹೊಟ್ಟೆಯೂ ಬೇಡ. ಪಾದದಲ್ಲಿ ಆಳಿಗೊಂದು ಬಾಳೆಹಣ್ಣು ಸಾಕು, ಮಗಳಿಗೆ ಒಂದೆರಡು ಬಿಸ್ಕತ್ತು ಹೆಚ್ಚಿಗೆ. ಆದರೆ ಅದನ್ನೆಲ್ಲ ಹತ್ತೋಕೆ ಮುಂಚೆಯೇ ಮುಗಿಸಿ. ಮೆಟ್ಟಿಲ ದಾರಿಯ ಕೋತಿಗಳು ಮನುಷ್ಯರ ಮುಖ ನೋಡಲ್ಲ, ಕೈಯಲ್ಲಿರೋ ಕವರ್ ನೋಡ್ತವೆ. ಕವರ್ ಸದ್ದು ಕೇಳಿದರೆ ಅದರಲ್ಲಿ ತಿನ್ನೋದಿದೆ ಅಂತ ಅವಕ್ಕೆ ಲೆಕ್ಕ. ಹೂವು ಹಣ್ಣು ಮೇಲೆಯೇ ಸಿಗುತ್ತೆ, ಕೆಳಗಿಂದ ಹೊರಬೇಡ. ನೀರು ತಲೆಗೆ ಅರ್ಧ ಲೀಟರ್, ಸ್ಟೀಲ್ ಬಾಟಲಿಯಲ್ಲಿ, ಬೆನ್ನಿನ ಚೀಲದ ಒಳಗೆ. ಬೆಟ್ಟಕ್ಕೆ ಪ್ಲಾಸ್ಟಿಕ್ ತರೋ ಹಾಗಿಲ್ಲ. ಕೋತಿ ಹತ್ತಿರ ಬಂದರೆ ಮಗಳು ಓಡದಂತೆ ನೋಡಿಕೋ. ಕಣ್ಣಲ್ಲಿ ಕಣ್ಣಿಟ್ಟು ನೋಡದೆ, ಬರಿಗೈ ತೋರಿಸಿ, ಪಕ್ಕಕ್ಕೆ ಸರಿದು ನಡೀತಾ ಇರಿ. ಕಿತ್ತುಕೊಂಡಿದ್ದನ್ನ ಮಾತ್ರ ವಾಪಸ್ ಎಳೆಯಬೇಡಿ.

ಮೊದಲ ಮುನ್ನೂರು ಮೆಟ್ಟಿಲೇ ಕಡಿದು. ಇಡೀ ದಾರಿಯಲ್ಲಿ ಜನ ಸೋಲೋದು ಇಲ್ಲೇ, ಅದೂ ಹುರುಪಿನಿಂದ. ಮಕ್ಕಳು ಮೊದಲ ನೂರನ್ನ ಓಡಿ ಹತ್ತುತ್ತಾರೆ, ಮುನ್ನೂರಕ್ಕೆ "ಎತ್ತಿಕೋ" ಅಂತ ಕೂರುತ್ತಾರೆ. ಎತ್ತಿಕೊಂಡರೆ ನಿನ್ನ ಕಾಲ ಕೆಳಗಿನ ಮೆಟ್ಟಿಲು ನಿನಗೇ ಕಾಣಲ್ಲ, ಇಬ್ಬರೂ ಬೀಳೋ ದಾರಿ ಅದು. ಅದಕ್ಕೆ ಒಂದು ಉಪಾಯ. ಹತ್ತು ಹುಣಸೆಬೀಜ ತಗೊಂಡು ಮಗಳ ಬಲ ಜೇಬಿಗೆ ಹಾಕು. ನೂರು ಮೆಟ್ಟಿಲು ಎಣಿಸಿದ ಕೂಡಲೇ ಒಂದು ಬೀಜ ಬಲ ಜೇಬಿಂದ ಎಡ ಜೇಬಿಗೆ. ಬೀಜ ಸರಿಸೋವಾಗ ಎಲ್ಲರೂ ನಿಲ್ಲಬೇಕು, ಎರಡು ಗುಟುಕು ನೀರು ಕುಡೀಬೇಕು, ಹಿಂದಕ್ಕೆ ತಿರುಗಿ ಊರು ನೋಡಬೇಕು, ಇದು ಆಟದ ನಿಯಮ. ಎಣಿಸೋ ಮಗು ಓಡಲ್ಲ, ಓಡಿದರೆ ಲೆಕ್ಕ ತಪ್ಪುತ್ತೆ. ದೊಡ್ಡವರಿಗೂ ಈ ನಿಲುಗಡೆ ಬೇಕೇ ಬೇಕು. ಒಂದು ವಾಕ್ಯ ಪೂರ್ತಿ ಆಡೋಕೆ ಉಸಿರು ಸಾಲದಿದ್ದರೆ ನೀವು ಜೋರಾಗಿ ಹತ್ತುತ್ತಾ ಇದ್ದೀರಿ ಅಂತ ಅರ್ಥ.

ಹಿಂದಕ್ಕೆ ತಿರುಗಬೇಕು ಅಂದೆನಲ್ಲ, ಅದನ್ನ ಒತ್ತಿ ಹೇಳ್ತೀನಿ. ಹತ್ತೋವಾಗ ನೋಟವೆಲ್ಲ ಬೆನ್ನ ಹಿಂದೆ ಉಳಿಯುತ್ತೆ, ಕಣ್ಣು ಮುಂದಿನ ಕಲ್ಲಿನ ಮೇಲೆ. ಎಷ್ಟೋ ಜನ ತುದಿಗೆ ಹೋಗಿ ನೋಡಿದರಾಯ್ತು ಅಂದುಕೊಳ್ತಾರೆ. ತುದಿಯಲ್ಲಿ ಅಂಗಡಿ, ಬಸ್ ನಿಲ್ದಾಣ, ಜನ. ಊರು ಚೆನ್ನಾಗಿ ಬಿಚ್ಚಿಕೊಳ್ಳೋದು ಮೆಟ್ಟಿಲ ನಡುವೆಯೇ. ಮರದ ಸಂದು ಸಿಕ್ಕಲ್ಲಿ ನಿಂತು ನೋಡಿ. ಮೊದಲು ಕಣ್ಣಿಗೆ ಬೀಳೋದು ರೇಸ್‌ಕೋರ್ಸಿನ ಹಸಿರು ಉಂಗುರ, ಅದನ್ನೇ ಗುರುತಾಗಿ ಇಟ್ಟುಕೋ. ಅದರಾಚೆ ಸ್ವಲ್ಪ ಎಡಕ್ಕೆ ಅರಮನೆಯ ಗುಮ್ಮಟ. ಇನ್ನೂ ಆಚೆ ಸಂತ ಫಿಲೋಮಿನಾ ಚರ್ಚಿನ ಜೋಡಿ ಗೋಪುರ, ಎರಡು ಪೆನ್ಸಿಲ್ ನಿಲ್ಲಿಸಿದ ಹಾಗೆ. ಎಡಗಡೆ ಹೊಳೆಯೋ ನೀರು ಕುಕ್ಕರಹಳ್ಳಿ ಕೆರೆ, ರೇಸ್‌ಕೋರ್ಸಿಗೆ ಹತ್ತಿರದ್ದು ಕಾರಂಜಿ ಕೆರೆ. ಹಿಂದಿನ ದಿನ ಮಳೆ ಬಂದು ಗಾಳಿ ತೊಳೆದಿದ್ದರೆ ವಾಯುವ್ಯಕ್ಕೆ ದೂರದಲ್ಲಿ ಕನ್ನಂಬಾಡಿ ಅಣೆಕಟ್ಟಿನ ನೀರೂ ಬೆಳ್ಳಿ ಗೆರೆಯಂತೆ ಕಾಣುತ್ತೆ. ಮಾರ್ಚ್, ಏಪ್ರಿಲಿನ ಧೂಳು ಹೊಗೆಯಲ್ಲಿ ಅದನ್ನ ಹುಡುಕಬೇಡ. ಬಿಳಿ ಗುಮ್ಮಟದ ಲಲಿತಮಹಲ್ ಚೆನ್ನಾಗಿ ಕಾಣೋದು ಮೆಟ್ಟಿಲಿಂದ ಅಲ್ಲ, ಇಳಿಯೋವಾಗ ರಸ್ತೆಯಿಂದ.

ಮುನ್ನೂರರ ಮೇಲೆ ದಾರಿ ಸ್ವಲ್ಪ ಸಡಿಲ ಬಿಡುತ್ತೆ. ಏಳುನೂರರ ಸುಮಾರಿಗೆ ನಂದಿ.

ಇಲ್ಲಿ ಅರ್ಧ ಗಂಟೆ ಕೂರಿ, ಅವಸರ ಮಾಡಬೇಡಿ. ಒಂದೇ ಬಂಡೆಯಲ್ಲಿ ಕಡೆದ ನಂದಿ, ಹದಿನಾರು ಅಡಿಯಷ್ಟು ಎತ್ತರ, ಇಪ್ಪತ್ತೈದು ಅಡಿಯಷ್ಟು ಉದ್ದ. ಬೇರೆಲ್ಲಿಂದಲೋ ಎತ್ತಿ ತಂದಿಟ್ಟಿದ್ದಲ್ಲ, ಇದ್ದ ಬಂಡೆಯನ್ನೇ ಇದ್ದಲ್ಲೇ ಕಡೆದಿದ್ದು. ಜನ ಮುಂದೆ ನಿಂತು ಕೈ ಮುಗಿದು, ಫೋಟೋ ತೆಗೆದು ಹೊರಡ್ತಾರೆ. ನೀನು ಮಗಳನ್ನ ಪಕ್ಕಕ್ಕೆ ಕರಕೊಂಡು ಹೋಗಿ ಕೊರಳು ತೋರಿಸು. ಗಂಟೆಯ ಸರ ಒಂದರ ಕೆಳಗೊಂದು ಇಳಿಬಿದ್ದಿದೆ, ಒಂದೊಂದು ಗಂಟೆಯೂ ಬಿಡಿಬಿಡಿಯಾಗಿ, ಹಗ್ಗದ ಹೊಸೆತ ಕೂಡ ಕಲ್ಲಿನಲ್ಲೇ. ಒಂದು ಸುತ್ತು ಪ್ರದಕ್ಷಿಣೆ ಬಂದರೆ ಬೆನ್ನು, ಬಾಲದ ಕಡೆಯೂ ನೋಡಿದ ಹಾಗಾಗುತ್ತೆ. ಹತ್ತಿರದಲ್ಲೇ ಬಂಡೆಯಡಿ ಚಿಕ್ಕ ಶಿವನ ಗುಡಿ ಇದೆ, ಬಗ್ಗಿ ಹೋಗಬೇಕು, ಮಕ್ಕಳಿಗೆ ಅದೇ ಇಷ್ಟ. ಎಳನೀರು, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಇಲ್ಲಿ ತಗೊಳ್ಳಿ, ಆದರೆ ಅಂಗಡಿ ಹತ್ತಿರವೇ ನಿಂತು ತಿಂದು ಮುಗಿಸಿ. ಕೋತಿ ಇಲ್ಲೂ ಇವೆ.

ಅಪ್ಪ ಅಮ್ಮ ಸೇರಿಕೊಳ್ಳಬೇಕಾದ್ದೂ ಇಲ್ಲೇ. ನಂದಿ ಹತ್ತಿರಕ್ಕೆ ರಸ್ತೆ ಇದೆ, ಕಾರು ಬರುತ್ತೆ. ಆದರೆ ಒಂದು ಎಚ್ಚರ: 2021ರ ಮಳೆಗೆ ನಂದಿ ಕಡೆಯ ರಸ್ತೆ ಕುಸಿದು ಬಹಳ ಕಾಲ ಓಡಾಟ ನಿಂತಿತ್ತು. ಜೋರು ಮಳೆಗಾಲದಲ್ಲಿ ಈ ಬೆಟ್ಟದ ಮಣ್ಣನ್ನ ನಂಬೋಕಾಗಲ್ಲ. ಹಿಂದಿನ ರಾತ್ರಿಯೇ ಟ್ಯಾಕ್ಸಿಯವರನ್ನ "ನಂದಿವರೆಗೆ ಗಾಡಿ ಹೋಗುತ್ತಾ?" ಅಂತ ಬಿಡಿಸಿ ಕೇಳು. ಹೋಗಲ್ಲ ಅಂದರೆ ಅವರಿಬ್ಬರೂ ನೇರ ತುದಿಗೆ ಹೋಗಿ ಕಾಯಲಿ. ತುದಿಯಿಂದ ನಂದಿಗೆ ಮೆಟ್ಟಿಲಿಳಿದು ಬರ್ತೀವಿ ಅಂತ ಮಾತ್ರ ಅವರು ಹೊರಡಬಾರದು. ನೀನು ಏಳುನೂರು ಹತ್ತೋವಷ್ಟರಲ್ಲಿ ಅವರು ಬರಬೇಕು ಅಂದರೆ ನೀವು ಹೊರಟ ಮುಕ್ಕಾಲು ಗಂಟೆ ಮೇಲೆ ಅವರು ಹೊರಟರೆ ಸಾಕು.

ನಂದಿಯಿಂದ ಮೇಲಕ್ಕೆ ಇರೋ ಮುನ್ನೂರು ಚಿಲ್ಲರೆ ಮೆಟ್ಟಿಲು ಕೆಳಗಿನಷ್ಟು ಕಡಿದಲ್ಲ. ಅಪ್ಪನಿಗೆ ಮನಸ್ಸಿದ್ದರೆ ಇದನ್ನ ಹತ್ತಲಿ. ಬೆಟ್ಟ ಹತ್ತಿದೆ ಅನ್ನೋ ತೃಪ್ತಿಯೂ ಸಿಗುತ್ತೆ, ಮಂಡಿಯೂ ಉಳಿಯುತ್ತೆ. ಒಂದು ಮಂಡಿ ನೋಯುತ್ತೆ ಅಂದರೆ ಪ್ರತಿ ಮೆಟ್ಟಿಲಿಗೂ ನೋವಿಲ್ಲದ ಕಾಲನ್ನ ಮೊದಲು ಮೇಲಿಟ್ಟು, ನೋವಿರೋ ಕಾಲನ್ನ ಅದರ ಪಕ್ಕಕ್ಕೆ ತರಬೇಕು. ನೋವು ಶುರುವಾದರೆ ವಾಪಸ್ ಇಳಿಯೋ ದೂರ ಕಡಿಮೆ ಇರೋವಾಗಲೇ ಕಾರಿಗೆ ಮರಳಲಿ, ಅದಕ್ಕೇ ಟ್ಯಾಕ್ಸಿಯವರನ್ನ ಮೊದಲ ನೂರು ಮೆಟ್ಟಿಲವರೆಗೆ ನಂದಿ ಹತ್ತಿರವೇ ನಿಲ್ಲಿಸಿಕೊಂಡಿರು.

ತುದಿಯಲ್ಲಿ ನೋಡೋದನ್ನ ನಿನಗೆ ಹೇಳಿಕೊಡಬೇಕಿಲ್ಲ. ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಹಾವು ಹಿಡಿದ ಮಹಿಷಾಸುರನ ಪ್ರತಿಮೆ, ಮುಮ್ಮಡಿ ಕೃಷ್ಣರಾಜ ಒಡೆಯರು 1827ರಲ್ಲಿ ಕಟ್ಟಿಸಿದ ಏಳು ನೆಲೆಯ ಗೋಪುರ. ದರ್ಶನ ಬೆಳಗ್ಗೆ ಏಳೂವರೆಗೆ ಶುರು, ನೀವು ಮುಟ್ಟೋ ಹೊತ್ತಿಗೆ ಸಾಲು ಇನ್ನೂ ಚಿಕ್ಕದಿರುತ್ತೆ. ಪಕ್ಕದ ಮಹಾಬಲೇಶ್ವರನ ಗುಡಿಗೆ ತಪ್ಪದೆ ಹೋಗಿ. ಚಾಮುಂಡಿ ಬೆಟ್ಟ ಅನ್ನಿಸಿಕೊಳ್ಳೋಕೆ ಮುಂಚೆ ಇದು ಮಹಾಬಲಾದ್ರಿ, ಬೆಟ್ಟದ ಹಳೇ ದೇವರು ಅವನೇ. ಜನ ಅಲ್ಲಿಗೆ ಹೋಗೋದು ಕಡಿಮೆ, ಕೂರೋಕೆ ತಣ್ಣನೆ ಕಲ್ಲು ಸಿಗುತ್ತೆ.

ಈಗ ಇಳಿಯೋದು. ಹತ್ತೋವಾಗ ಕಷ್ಟ ಉಸಿರಿಗೆ, ನಿಂತರೆ ಸರಿಹೋಗುತ್ತೆ. ಇಳಿಯೋವಾಗ ಕಷ್ಟ ತೊಡೆಗೆ, ಮಂಡಿಗೆ. ಮೈ ಭಾರ ಒಂದೊಂದು ಮೆಟ್ಟಿಲಿಗೂ ಕೆಳಗೆ ಬೀಳ್ತಾ ಇರುತ್ತೆ, ಅದನ್ನ ತಡೆಯೋಕೆ ತೊಡೆಯ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಾಕ್ತಾ ಇರಬೇಕು. ಸಾವಿರ ಸಲ ಬ್ರೇಕ್ ಹಾಕಿದ ಸ್ನಾಯು ಆ ಹೊತ್ತಿಗೆ ಏನೂ ಹೇಳಲ್ಲ. ಎರಡನೇ ದಿನ ಕುರ್ಚಿಯಿಂದ ಏಳೋವಾಗ ಹೇಳುತ್ತೆ. ಅಭ್ಯಾಸ ಇಲ್ಲದವರಿಗೆ ಕಾಲು ನಡುಗೋಕೆ ಶುರುವಾಗೋದೂ ಇಳಿಯೋವಾಗಲೇ, ನಡುಗೋ ಕಾಲು ಎತ್ತರ ತಗ್ಗಿನ ಕಲ್ಲಿನ ಮೇಲೆ ಸರಿಯಾಗಿ ಊರಲ್ಲ. ಹತ್ತೂವರೆ ಆಗಿದ್ದರಂತೂ ನೆರಳೂ ಇರಲ್ಲ. ಅದಕ್ಕೇ ಬಸ್ಸು. 201ನೇ ನಂಬರಿನ ಸಿಟಿ ಬಸ್ಸು ತುದಿಯಿಂದ ಅರಮನೆ ಹತ್ತಿರದ ಸಿಟಿ ಬಸ್ ನಿಲ್ದಾಣಕ್ಕೆ ಬರುತ್ತೆ. ತಿರುವು ಜಾಸ್ತಿ, ಮಗಳಿಗೆ ವಾಂತಿಯ ಅಭ್ಯಾಸ ಇದ್ದರೆ ಮುಂದಿನ ಸೀಟಿಗೆ ಕೂರಿಸು. ನಿನ್ನ ಹೆಂಡತಿಗೂ ನಿನಗೂ ಮೆಟ್ಟಿಲಲ್ಲೇ ಇಳಿಯೋ ಆಸೆ ಇದ್ದರೆ ತುದಿಯಿಂದ ನಂದಿವರೆಗೆ ಮಾತ್ರ ಇಳಿದು, ಅಲ್ಲಿಗೆ ಟ್ಯಾಕ್ಸಿ ಕರೆಸಿಕೊಂಡು ಹತ್ತಿ, ಸ್ವಲ್ಪ ಓರೆಯಾಗಿ, ಮಂಡಿ ಪೂರ್ತಿ ನೆಟ್ಟಗೆ ಮಾಡದೆ ಇಳಿಯಿರಿ.

ಭಾನುವಾರ ಮೈಸೂರಲ್ಲೇ ಉಳಿಯೋದಾದರೆ ಸಂಜೆ ಅರಮನೆಗೆ ದೀಪ ಹಾಕೋ ಹೊತ್ತಿಗೆ, ಏಳರ ಸುಮಾರಿಗೆ, ಕಾರಲ್ಲಿ ಮತ್ತೊಮ್ಮೆ ಬೆಟ್ಟದ ರಸ್ತೆಯ ನೋಟದ ಜಾಗಕ್ಕೆ ಹೋಗಿ ಬನ್ನಿ. ಬೆಳಗ್ಗೆ ಗುರುತು ಹಿಡಿದ ಜಾಗವನ್ನ ಮಗಳು ಬೆಳಕಿನಲ್ಲಿ ತಾನೇ ಹುಡುಕಲಿ.

ದಿನ ಆರಿಸೋವಾಗ ಆಷಾಢ ಶುಕ್ರವಾರ ಬಿಡು. ಆವತ್ತು ಖಾಸಗಿ ಗಾಡಿ ಮೇಲಕ್ಕೆ ಬಿಡಲ್ಲ, ಅಪ್ಪ ನಂದಿ ಹತ್ತಿರ ಬರೋ ಲೆಕ್ಕವೇ ತಲೆಕೆಳಗಾಗುತ್ತೆ, ಮೆಟ್ಟಿಲ ಮೇಲೆ ನಿಲ್ಲೋಕೂ ಜಾಗ ಇರಲ್ಲ. ಚಾಮುಂಡೇಶ್ವರಿಯ ಹುಟ್ಟುಹಬ್ಬವಾದ ವರ್ಧಂತಿ, ದಸರಾ, ಜನವರಿ ಒಂದು ಕೂಡ ಜನ ಜಾಸ್ತಿ. ಬುಧವಾರ, ಗುರುವಾರ ಒಳ್ಳೇದು. ದಸರಾ ಗದ್ದಲ ಇಳಿದ ಮೇಲೆ, ಹಿಂಗಾರು ಮಳೆ ಒಂದು ಸುತ್ತು ಬಂದು ಬಿಟ್ಟ ಮಾರನೇ ದಿನ ಸಿಕ್ಕರೆ ಅದಕ್ಕಿಂತ ಚೆನ್ನಾದ ನೋಟ ಇಲ್ಲ. ಕಲ್ಲು ಮಾತ್ರ ಒದ್ದೆ ಇರುತ್ತೆ, ಒಂದು ಗಂಟೆ ತಡವಾಗಿ ಹೊರಡಿ. ಹುಣಸೆಬೀಜ ಮರೀಬೇಡ.

ನಿನ್ನ
ಮೈಸೂರಿನ ಗೆಳೆಯ